ಸಿಡಿಯಲ್ಲಿ ಇಲ್ಲದ ಬೈಗುಳ

"ಅಜ್ಜಿ, ಆ ಕ್ಯಾಸೆಟ್ ಎಲ್ಲೈತ್ರಿ?" ಅಂತ ನಮ್ಮ ಬಾಡಿಗೆ ರೂಮಿನ ಬಸು ತಾರಸಿಗೆ ಓಡಿ ಬಂದ.

ಅದು ಅವನ ತಲೆಯ ಮೇಲೇ ಇತ್ತು. ಸಂಡಿಗೆ ಒಣಹಾಕಿದ್ದೆ. ಕಾಗೆ ಹೆದರಲಿ ಅಂತ ಕ್ಯಾಸೆಟ್ಟಿನ ರೀಲು ಎಳೆದು ಸುತ್ತ ಕಟ್ಟಿದ್ದೆ. ಬನಶಂಕರಿಯಲ್ಲಿ ಯಾರು ಕಟ್ಟುವುದಿಲ್ಲ ಹೇಳಿ?

ಕದ್ದಿದ್ದಲ್ಲ ಮತ್ತೆ! ಬೆಳಿಗ್ಗೆ ಅವನೇ ಕೊಟ್ಟಿದ್ದ. "ಸಿಡಿ ಬಂತ್ರಿ ಅಜ್ಜಿ, ಇದಿನ್ನ ಕಾಗಿಗಷ್ಟ."

ಕ್ಯಾಸೆಟ್ಟಿನಲ್ಲಿದ್ದದ್ದು ಇಂಗ್ಲೆಂಡಿನ ಒಂದು ಬ್ಯಾಂಡು. ಕರಿಯರು, ಬಿಳಿಯರು ಒಟ್ಟಿಗೆ ನಿಂತು 'ಸ್ಕಾ' ಎಂಬ ಹಳೇ ಕುಣಿತದ ಹಾಡನ್ನು ಮತ್ತೆ ಎಬ್ಬಿಸಿದರಂತೆ. ಧಾರವಾಡದಲ್ಲಿ ಓದುವಾಗ ಬಸು ಅವರ ಒಂದು ಕಛೇರಿಯನ್ನು ರೇಡಿಯೋದಿಂದ ರೆಕಾರ್ಡ್ ಮಾಡಿಕೊಂಡಿದ್ದ. ಈಗ ಅಂಥ ಹಳೇ ಕಛೇರಿಗಳನ್ನೆಲ್ಲ ಸೇರಿಸಿ ಸಿಡಿ ತಂದಿದ್ದಾರೆ. (ಕವರಿನ ಇಂಗ್ಲಿಷ್ ನನಗೆ ಓದಲು ಬಾರದು, ಅವನು ಹೇಳಿದ್ದು.) ಆ ಹಾಡು ಕೇಳಿದರೆ ಕೂರಲಾಗದು, ನಿಲ್ಲಲಾಗದು. ಚಪ್ಪಾಳೆ ತಟ್ಟುವಷ್ಟರಲ್ಲಿ ತಾಳ ಪಕ್ಕಕ್ಕೆ ಹಾರಿರುತ್ತದೆ.

"ಈಗೇನಾಯ್ತೋ?"

"ಸಿಡಿಯೊಳಗ ಬೈಯೋದ ಇಲ್ರಿ!"

ಕಛೇರಿ ನಡುವೆ ಮುಂದಿನ ಸಾಲಿನವರು ಒಬ್ಬ ಕರಿಯನನ್ನು ಹೊಡೆಯುತ್ತಾರಂತೆ. ಹಾಡುವವನು ಹಾಡು ನಿಲ್ಲಿಸಿ ಅವರಿಗೆ ಉಗಿಯುತ್ತಾನಂತೆ. ಸಿಡಿಯಲ್ಲಿ ಅಷ್ಟನ್ನೂ ಗದ್ದಲ ಅಂತ ಕತ್ತರಿಸಿ ಹಾಡಿಗೆ ಹಾಡು ಅಂಟಿಸಿದ್ದಾರೆ.

"ಹೋಗ್ಲಿ ಬಿಡೋ, ಬೈಗುಳಕ್ಕೆ ಯಾಕಿಷ್ಟು ಒದ್ದಾಡ್ತೀಯ?"

"ಹಾಸ್ಟೆಲ್‌ನ್ಯಾಗ ನನ್ನ ಹೊಡಿಯೋವಾಗ ಯಾರೂ ಹಂಗ ನಿಲ್ಲಿಸ್ಲಿಲ್ರಿ, ಅಜ್ಜಿ."

ನಾನು ರೀಲಿನ ಗಂಟು ಬಿಚ್ಚಿದೆ. ರೀಲು ತುಂಡಾಗಿರಲಿಲ್ಲ, ಪುಣ್ಯ. ಬಸು ಪೆನ್ಸಿಲ್ ತೂರಿಸಿ ಸುತ್ತತೊಡಗಿದ. ಹಾಳು ಗಾಳಿ ಬೇರೆ.

"ಎಳೀಬ್ಯಾಡ್ರಿ!"

"ನೀನು ನೆಟ್ಟಗೆ ಸುತ್ತೋ, ಮಂಗ!"

ಒಂದು ಕಡೆ ಸಂಡಿಗೆ ಹಿಟ್ಟು ಮೆತ್ತಿತ್ತು. ಸೆರಗಿನಲ್ಲಿ ಒರೆಸಿದೆ.

ಟೇಪ್ ರೆಕಾರ್ಡರಿಗೆ ಹಾಕಿದರೆ ಹಾಡೆಲ್ಲ ನೀರಲ್ಲಿ ಮುಳುಗಿದ ಹಾಗೆ. ಬಸು ಉಗುರು ಕಚ್ಚುತ್ತಾ ನಿಂತಿದ್ದ. ಆಮೇಲೆ ಹಾಡು ನಿಂತಿತು. ಒಬ್ಬ ಗಂಡಸು ಸಿಟ್ಟಿನಲ್ಲಿ ಕೂಗಿದ.

"ಏನಂತಾನೋ?"

"ಹೊಡಿಯೋದು ನಿಲ್ಲಸ್ರಿ, ಇಲ್ಲಂದ್ರ ಹಾಡಂಗಿಲ್ಲ ಅಂತಾನ್ರಿ." ಹೇಳಿದವನೇ ರಿವೈಂಡ್ ಮಾಡಿ ಮತ್ತೆ ಕೇಳಿದ.

ನಮ್ಮ ಮದುವೆ ವಿಡಿಯೋದವರೂ ಕತ್ತರಿಸುತ್ತಾರೆ. ಬೀಗರ ಜಗಳ ತೆಗೆದು ಗುಲಾಬಿ ಹೂವು ಹಾರಿಸುತ್ತಾರೆ. ಅದು ಹಾಳಾಗಲಿ, ಅಲ್ಲಿ ನ್ಯಾಯ ಹೇಳಿದವರು ಯಾರೂ ಇರುವುದಿಲ್ಲ.

ಹೊಡೆತ ನಿಲ್ಲಿಸಿದವನ ಮಾತನ್ನೇ ಗದ್ದಲ ಅಂತ ತೆಗೆದಿರಲ್ಲ ಸಿಡಿ ಮಾಡಿದ ಸ್ವಾಮಿಗಳೇ, ಆವತ್ತು ನೀವು ಯಾವ ಸಾಲಿನಲ್ಲಿ ನಿಂತಿದ್ದಿರಿ?