ಕಡ್ಡಿರಾಂಪುರದ ದಾರಿಯಲ್ಲಿ ಅಮರ್ಜೆನ್ಸಿ

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಹೊಸಪೇಟೆಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಇಂಗ್ಲಿಷ್ ಬರುತ್ತದೆ ಎಂಬ ಅಪವಾದವೂ ನನ್ನ ಮೇಲಿತ್ತು. ಹೀಗಾಗಿ ನೆಲ್ಲೂರು ಕಡೆಯಿಂದ ವರ್ಗವಾಗಿ ಬಂದಿದ್ದ ಅಧಿಕಾರಿಯೊಬ್ಬರು ಒಂದು ದಿನ ನನ್ನನ್ನು ಕರೆಸಿ, ಮದರಾಸಿನಿಂದ ಬಂದ ಆಜ್ಞೆಯೊಂದನ್ನು ಹಳ್ಳಿಗಳಲ್ಲಿ ಡಂಗುರ ಹೊಡೆಸಬೇಕು, ಕನ್ನಡ ಮಾಡಿಕೊಡಿ ಎಂದರು. ಅದರ ತುಂಬ ಎಮರ್ಜೆನ್ಸಿ, ಎಮರ್ಜೆನ್ಸಿ.

ನಾನು ಘನವಾಗಿರಲಿ ಎಂದು ‘ಆಪತ್ಕಾಲ’ ಎಂದು ಬರೆದೆ. ಡಂಗುರದವನು ಅದನ್ನು ಕಡ್ಡಿರಾಂಪುರದಲ್ಲಿ “ಆಪತ್ತು ಬಂದೈತ್ರಪೋ!” ಎಂದು ಸಾರಿದ. ಅದು ನನ್ನ ಹೆಂಡತಿಯ ತವರೂರು. ಜನ ಆಪತ್ತು ಯಾವ ದಿಕ್ಕಿನಿಂದ ಬರುತ್ತಿದೆ ಎಂದೂ ಕೇಳದೆ ಅಕ್ಕಿಗಡಿಗೆ, ಕೋಳಿ, ಮಕ್ಕಳನ್ನು ಎತ್ತಿಕೊಂಡು ಬಾಳೆತೋಟಗಳಿಗೆ ಓಡಿದರು. ಸಂಜೆಯವರೆಗೆ ಊರಲ್ಲಿ ನಾಯಿಗಳು ಮಾತ್ರ ಇದ್ದವು. ಅಧಿಕಾರಿ ನನ್ನನ್ನು ಕರೆಸಿ ಬೈದರು. ಸರಿ, ‘ತುರ್ತು’ ಎಂದು ತಿದ್ದಿದೆ. ಈ ಸಲ ಯಾರೂ ಓಡಲಿಲ್ಲ. “ತುರ್ತು ಯಾರಿಗಪಾ? ನಮಗೇನೂ ಇಲ್ಲಲ್ಲ!” ಎಂದು ಡಂಗುರದವನನ್ನೇ ಕೇಳಿ ಮನೆಯೊಳಗೆ ಹೋದರು. ಕೊನೆಗೆ ಅಧಿಕಾರಿ ಬೇಸತ್ತು, “ಅದನ್ನು ಇಂಗ್ಲಿಷಿನಲ್ಲೇ ಬಿಡಿ ಮೇಷ್ಟ್ರೇ. ಅರ್ಥವಾಗದಿದ್ದರೆ ಹೆದರುತ್ತಾರೆ” ಎಂದರು. ಆಡಳಿತದ ಒಳಗುಟ್ಟನ್ನು ಅಷ್ಟು ಸರಳವಾಗಿ ಹೇಳಿದವರನ್ನು ನಾನು ಮತ್ತೆ ಕಾಣಲಿಲ್ಲ.

ಡಂಗುರದವನ ಬಾಯಲ್ಲಿ ಅದು ‘ಅಮರ್ಜೆನ್ಸಿ’ ಆಯಿತು. ಅಮರ್ಜೆನ್ಸಿ ಹೆಸರಿನಲ್ಲಿ ಮೊದಲು ಸರ್ಕಾರದ ವಶವಾದದ್ದು ಹೊಸಪೇಟೆಯ ಅಕ್ಕಿ ಗಿರಣಿಯ ಸಾಹುಕಾರರು ಬಾಡಿಗೆಗೆ ಬಿಡುತ್ತಿದ್ದ ಮೋಟಾರು. ಊರಿಗೆ ಇದ್ದ ಬಾಡಿಗೆ ಮೋಟಾರು ಅದೊಂದೇ. ಪೆಟ್ರೋಲು ಕಣ್ಣಿಗೆ ಬೀಳದ ಆ ದಿನಗಳಲ್ಲೂ ಅದು ನಮ್ಮ ಅಧಿಕಾರಿಯನ್ನು ಹೊತ್ತು ಕಂಪ್ಲಿಗೆ ಹೋಗಿ ಬೆಲ್ಲದ ಪೆಂಟೆ ತರುತ್ತಿತ್ತು, ಸಂಡೂರಿಗೆ ಹೋಗಿ ತಂಪು ಗಾಳಿ ತೆಗೆದುಕೊಂಡು ಬರುತ್ತಿತ್ತು. ಯಾಕೆ ಎಂದು ಯಾರಾದರೂ ಕೇಳಿದರೆ ಡ್ರೈವರ್ “ಅಮರ್ಜೆನ್ಸಿ” ಎನ್ನುತ್ತಿದ್ದ. ಹೀಗೆ ಕೇಳಿ ಕೇಳಿ, ಕಡ್ಡಿರಾಂಪುರದವರು ಆ ಮೋಟಾರಿನ ಹೆಸರೇ ಅದು ಎಂದುಕೊಂಡರು. “ಅಮರ್ಜೆನ್ಸಿ ಬಂತು, ಎತ್ತು ಸರಸ್ರಿ” ಎಂದು ಹೆಂಗಸರು ದಾರಿ ಬಿಡಿಸುತ್ತಿದ್ದರು. ಕೋಶ ಬರೆಯುವವರು ಯಾರೂ ಆ ಅರ್ಥವನ್ನು ಬರೆದುಕೊಳ್ಳಲಿಲ್ಲ. ಬಳಕೆ ನೋಡಿದರೆ ಅದಕ್ಕಿಂತ ಸರಿಯಾದ ಅರ್ಥ ಇನ್ನೊಂದಿರಲಿಲ್ಲ.

ಆಗ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುತ್ತಿದ್ದಾಗ ಅವಳ ತಮ್ಮ ಸೈಕಲ್ ತುಳಿದುಕೊಂಡು ಬಂದವನು ಇಳಿಯುವ ಮೊದಲೇ ಹೇಳಿದ:

“ಮಾವಾ, ಕೂಸು ಅಡ್ಡ ಆಗೇತಂತ. ಸೂಲಗಿತ್ತಿ ಕೈ ಬಿಟ್ಲು. ಬಂಡ್ಯಾಗ ಹಾಕ್ಕೊಂಡು ಬಂದ್ರ ಆ ಕುಲುಕಾಟಕ್ಕ ದಾರ್ಯಾಗ ಹೋಗ್ತಾಳ ಅಂತಾಳ. ಮೋಟಾರ್ ಬೇಕು, ಜಲ್ದಿ.”

ಅವನ ಸೈಕಲ್ ಕಿತ್ತುಕೊಂಡು ಅಧಿಕಾರಿಯ ಬಂಗಲೆಗೆ ಓಡಿಸಿದೆ. ಮೋಟಾರು ಬಾಗಿಲಲ್ಲೇ ನಿಂತಿತ್ತು. ಮದರಾಸಿನಿಂದ ಬಂದ ಇಬ್ಬರು ನೆಂಟರು, ಅಧಿಕಾರಿಯ ಹೆಂಡತಿ, ಒಂದು ಜಮಖಾನ, ಪುಳಿಯೋಗರೆಯ ಬುಟ್ಟಿಗಳು ಎಲ್ಲ ಒಳಗೆ ಸೇರುತ್ತಿದ್ದವು. ಹಂಪಿಗೆ ಹೊರಟಿದ್ದರು. ನಾನು ಕೈ ಮುಗಿದು ವಿಷಯ ಹೇಳಿ, “ಎಮರ್ಜೆನ್ಸಿ, ಸಾರ್” ಎಂದೆ.

ಅಧಿಕಾರಿಗೆ ನಗು ಬಂತು. “ಅನುವಾದ ಮಾಡಿದವರು ನೀವು, ಪದದ ಅರ್ಥ ನಿಮಗೇ ತಿಳಿಯಲಿಲ್ಲವೇ? ಎಮರ್ಜೆನ್ಸಿ ಅಂದರೆ ಮುನ್ಸೂಚನೆಯಿಲ್ಲದೆ ಬರುವುದು. ಇದು ನಿಮಗೆ ಒಂಬತ್ತು ತಿಂಗಳಿಂದ ಗೊತ್ತಿತ್ತಲ್ಲ!”

ನೆಂಟರೂ ನಕ್ಕರು. “ನೀವು ಹೋಗುವ ದಾರಿಯೇ ಸಾರ್, ಕಡ್ಡಿರಾಂಪುರ” ಎಂದೆ.

“ನಾವು ಹೋಗುತ್ತಿರುವುದು ತಪಾಸಣೆಗೆ. ಶತ್ರುವಿಮಾನ ಹಂಪಿಯ ಮೇಲೆ ಬಾಂಬ್ ಹಾಕಿದರೆ ಏನು ಗತಿ, ನೋಡಬೇಡವೇ?”

ಹಂಪಿಯಲ್ಲಿ ಬಾಂಬು ಕೆಡವಲು ಇನ್ನೇನು ಉಳಿದಿದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅಧಿಕಾರಿಯ ಹೆಂಡತಿ ತೆಲುಗಿನಲ್ಲಿ ಏನೋ ಹೇಳಿದರು. ಅಧಿಕಾರಿ ಕೈಸನ್ನೆಯಲ್ಲೇ ಅವರನ್ನು ಸುಮ್ಮನಿರಿಸಿ ಮುಂದಿನ ಸೀಟಿನಲ್ಲಿ ಕುಳಿತರು. ಮೋಟಾರು ಹೊರಟಿತು. ಅದು ಎಬ್ಬಿಸಿದ ಧೂಳಿನಲ್ಲಿ ಕಣ್ಣು ಕಾಣದೆ, ಕಣ್ಣೀರೋ ಮಣ್ಣೋ ತಿಳಿಯದೆ, ನಾನು ಹಿಂದೆ ಸೈಕಲ್ ತುಳಿದೆ.

ಕಡ್ಡಿರಾಂಪುರ ಮುಟ್ಟಿದಾಗ ಮೋಟಾರು ಅತ್ತೆಯ ಮನೆ ಮುಂದೆ ದಾರಿಯಲ್ಲೇ ನಿಂತಿತ್ತು. ಎದುರಿಗೆ ನಮ್ಮ ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಚಾಚಿ, ಬಾನೆಟ್ಟಿಗೆ ಹೊಟ್ಟೆ ತಾಗುವಷ್ಟು ಹತ್ತಿರ ನಿಂತಿದ್ದರು. ಡ್ರೈವರ್ ಹಾರನ್ ಒತ್ತಿ ಒತ್ತಿ ಸುಸ್ತಾಗಿದ್ದ.

“ಸಾಹೇಬ್ರ, ನಿಮ್ಮ ಅಮರ್ಜೆನ್ಸಿ ಸ್ವಲ್ಪ ಕೊಡ್ರಿ” ಎನ್ನುತ್ತಿದ್ದರು ಅತ್ತೆ. “ಮಗಳನ್ನ ದವಾಖಾನಿಗೆ ಮುಟ್ಟಿಸಿ ಸಂಜೀಕ ವಾಪಸ್ ಕಳಸ್ತೀವಿ. ತೊಳದು ಕೊಡ್ತೀವ್ರಿ ಬೇಕಾದ್ರ.”

“ಏನು ಕೊಡಬೇಕು?” ಅಧಿಕಾರಿಗೆ ಅರ್ಥವಾಗಲಿಲ್ಲ.

“ಅಮರ್ಜೆನ್ಸಿ! ನೀವು ಕುಂತೀರಲ್ರಿ, ಇದು!” ಅತ್ತೆ ಬಾನೆಟ್ಟಿನ ಮೇಲೆ ಅಂಗೈಯಿಂದ ಬಾರಿಸಿದರು.

ನೆಂಟರಲ್ಲಿ ಒಬ್ಬರು ಮತ್ತೆ ನಕ್ಕರು. ಆದರೆ ಈ ಸಲ ಯಾರನ್ನು ನೋಡಿ ನಕ್ಕರು ಎಂಬುದು ಅಧಿಕಾರಿಗೂ ತಿಳಿಯಿತು. ಅವರ ಮುಖ ಕೆಂಪಾಯಿತು. ಅಷ್ಟರಲ್ಲಿ ಮನೆಯೊಳಗಿಂದ ನನ್ನ ಹೆಂಡತಿಯ ಕೂಗು ಕೇಳಿಸಿತು. ಆ ಕೂಗನ್ನು ನಾನು ಇಲ್ಲಿ ಬರೆಯಲಾರೆ.

ಅಧಿಕಾರಿಯ ಹೆಂಡತಿ ಬಾಗಿಲು ತೆಗೆದು ಇಳಿದು ನೇರ ಮನೆಯೊಳಗೆ ಹೋದರು. ಹೊರಗೆ ಬಂದವರೇ ಪುಳಿಯೋಗರೆಯ ಬುಟ್ಟಿಗಳನ್ನು ಕೆಳಗಿಳಿಸಿದರು. “ಎಲ್ಲರೂ ಇಳಿಯಿರಿ” ಎಂದರು. ಗಂಡ ಏನೋ ಹೇಳಲು ಹೋದರು. “ನೀವು ಮೊದಲು ಇಳಿಯಿರಿ” ಎಂದರು.

ಜಮಖಾನವನ್ನೇ ಹಾಸಿ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅಧಿಕಾರಿಯ ಹೆಂಡತಿಯೇ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸಪೇಟೆಯವರೆಗೆ ಬಂದರು. “ಮೆಲ್ಲಗೆ, ಮೆಲ್ಲಗೆ” ಎಂದು ಡ್ರೈವರನಿಗೆ ದಾರಿಯುದ್ದಕ್ಕೂ ಹೇಳಿದರು. ಅಧಿಕಾರಿ ಮತ್ತು ನೆಂಟರು ಹುಣಸೆಮರದ ಕೆಳಗೆ ಪುಳಿಯೋಗರೆ ತಿಂದು, ಅತ್ತೆ ಕಳಿಸಿದ ಮಜ್ಜಿಗೆ ಕುಡಿದು, ಸಂಜೆಯವರೆಗೆ ಕಾದರಂತೆ. ಹಂಪಿಯ ರಕ್ಷಣೆ ಅಂದು ನಡೆಯಲಿಲ್ಲ.

ಲೇಡಿ ಡಾಕ್ಟರು ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮಧ್ಯಾಹ್ನ ಮಗಳು ಹುಟ್ಟಿದಳು. ತಾಯಿಯೂ ಉಳಿದಳು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮುಖದ ಧೂಳು ಒರೆಸಿಕೊಂಡೆ.

ತೊಟ್ಟಿಲಿಗೆ ಹಾಕುವ ದಿನ ಅಧಿಕಾರಿ ದಂಪತಿಯನ್ನು ಕರೆಯದಿರಲು ಆಗಲಿಲ್ಲ. ಆಕೆ ಮಗುವನ್ನು ಎತ್ತಿಕೊಂಡು ಒಳಗೆ ಹೆಂಗಸರ ನಡುವೆ ಕುಳಿತರು. ಅಧಿಕಾರಿ ಹೊರಗೆ ಪಂಕ್ತಿಯ ಮೊದಲ ಎಲೆಗೆ ಕುಳಿತು, ಸುತ್ತಲಿನವರಿಗೆಲ್ಲ ಕೇಳುವಂತೆ, “ನೋಡಿ, ಸುದ್ದಿ ತಿಳಿದ ಕ್ಷಣವೇ ಮೋಟಾರು ಬಿಟ್ಟುಕೊಟ್ಟೆ. ಇಂಥ ಎಮರ್ಜೆನ್ಸಿಯಲ್ಲಿ ಅಧಿಕಾರಿಯಾದವನು ತಪಾಸಣೆ, ಗಿಪಾಸಣೆ ನೋಡಬಾರದು” ಎಂದರು. ನಾನು ಅವರ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ. ತುಪ್ಪದ ಧಾರೆ ಸ್ವಲ್ಪ ದಪ್ಪವೇ ಬಿತ್ತು.

ಬಂಡ್ರಿಯಿಂದ ಬಂದಿದ್ದ ನಮ್ಮ ಮುದುಕ ನೆಂಟರೊಬ್ಬರು ಆಚೆ ಎಲೆಯಿಂದ ಕೇಳಿದರು: “ಭಾಳ ಚಲೋ ಆತ್ರಿ ಸಾಹೇಬ್ರ. ಹಂಗಾದ್ರ ಇನ್ಮ್ಯಾಲ ನಮ್ಮೂರಾಗ ಯಾರಿಗೆ ಹಿಂಗಾದ್ರೂ ಮೋಟಾರ್ ಕಳಸ್ತೀರೇನ್ರಿ?”

ಅಧಿಕಾರಿ ಅವರತ್ತ ನೋಡಲಿಲ್ಲ. “ನೋಡೋಣ, ಮೊದಲು ಯುದ್ಧ ಮುಗಿಯಲಿ” ಎಂದು, ನನ್ನ ಕಡೆ ತಿರುಗಿ ಇನ್ನಷ್ಟು ತುಪ್ಪ ಹಾಕಿಸಿಕೊಂಡರು.