ದೆವ್ವದ ಪ್ರೇಮಕ್ಕೆ ನಾನು ಹೇಳಿದ ಐಬು

ಇವತ್ತು ಬೆಳಿಗ್ಗೆ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಪಡಸಾಲೆಯ ತುಂಬ ಕೆಂಪು ಬಾಳೆಯ ವಾಸನೆ. ಕಮಲಾಪುರದ ಗೊನೆ ಹಣ್ಣಾದರೆ ಓಣಿಗೆಲ್ಲ ಡಂಗುರ. ಅದರ ಪಕ್ಕ ಕುಳಿತಿದ್ದ ನನ್ನ ಹೆಂಡತಿ ಮಹಾದೇವಿ ಹೊಸದೊಂದು ಕಾದಂಬರಿ ಓದಿ ಮುಗಿಸಿ ನನ್ನ ಮುಂದಿಟ್ಟಳು. “ದೆವ್ವದ ಪ್ರೇಮಕಥಿ ಅದ. ನೋಡ್ರಿ.” ನಾನು ಮೊಬೈಲಿನಿಂದ ಕಣ್ಣೆತ್ತದೆ “ಭಾಳ ಚಲೋ ಅದ” ಎಂದೆ. ಅವಳ ಮುಖ ಇಳಿಯಿತು. ಹೊಗಳಿದರೆ ಯಾಕೆ ಮುಖ ಇಳಿಯಬೇಕು ಎಂದು ಯೋಚಿಸುತ್ತಿದ್ದವನನ್ನು ಆ ಬಾಳೆಯ ವಾಸನೆಯೇ ಕೈಹಿಡಿದು ಹಿಂದಕ್ಕೆ ಕರೆದೊಯ್ದಿತು.

ಮದುವೆಗೆ ಮುಂಚಿನ ಮಾತು. ಬುಟ್ಟಿ ಹೊತ್ತು ಶುರುಮಾಡಿ ಹಣ್ಣಿನಂಗಡಿ ಹಾಕಿದವನು ನಾನು. ನನಗೆ ಯಾರೂ ಕಲಿಸಲಿಲ್ಲ. ಅದಕ್ಕೇ ಇರಬೇಕು, ಸಿಕ್ಕವರಿಗೆಲ್ಲ ಕಲಿಸುವ ಚಟ. ನಿಮಗೂ ಹೇಳಿಬಿಡುತ್ತೇನೆ: ಮಾಲು ಮನಸ್ಸಿಗೆ ಬಂದರೆ ಮುಖದಲ್ಲಿ ತೋರಿಸಬೇಡಿ. ಮೊದಲು ಐಬು ಹೇಳಿ. ಗೊನೆ ಸಣ್ಣದು, ಸಿಪ್ಪೆಗೆ ಕಲೆ, ಕಾಯಿ ಎಳಸು. ಕಮಲಾಪುರದ ತೋಟಗಳಲ್ಲಿ ನಾನು ಐಬು ಹೇಳದೆ ಕೊಂಡ ಗೊನೆಯೇ ಇರಲಿಲ್ಲ.

ಅಂಥದೊಂದು ತೋಟದ ಸಂಗಣ್ಣ ಕಾಕಾ ತಮ್ಮ ಮಗಳನ್ನು ನನಗೆ ಕೊಡುವ ಮಾತು ತೆಗೆದರು. ನೋಡಲು ಹೋದೆ. ನೋಡಿದ ಕ್ಷಣವೇ ಮನಸ್ಸಿನಲ್ಲಿ ವ್ಯವಹಾರ ಕುದುರಿಬಿಟ್ಟಿತ್ತು. ಆದರೆ ಕಾಕಾ “ಏನರೆ ಕೇಳೂದಿದ್ರ ಕೇಳವ್ವ” ಎಂದಾಗ ಮಹಾದೇವಿ ಒಳಗೆ ಹೋಗಿ ರಟ್ಟು ಹರಿದ ಕಾದಂಬರಿಯೊಂದನ್ನು ತಂದು ಕೈಗಿಟ್ಟಳು. “ಇದನ್ನ ಓದಿ ಬರ್ರಿ. ಹೆಂಗದ ಅಂತ ಹೇಳ್ರಿ. ಆಮ್ಯಾಲ ನನ್ನ ಮಾತು ಹೇಳ್ತೀನಿ.”

ಅಲ್ಲಿಯವರೆಗೆ ನಾನು ತೆರೆದ ದಪ್ಪ ಪುಸ್ತಕವೆಂದರೆ ಟೆಲಿಫೋನ್ ಡೈರೆಕ್ಟರಿ. ಅಂಗಡಿಯಲ್ಲಿ ಗಿರಾಕಿಗಳ ನಡುವೆಯೇ ಓದಿದೆ. ಪಾಳುಬಿದ್ದ ವಾಡೆಯಲ್ಲಿ ಬಾಡಿಗೆಗೆ ಬಂದ ಟೀಚರಮ್ಮ, ಅಲ್ಲೇ ವಾಸವಾಗಿರುವ ಚೆಲುವ ದೆವ್ವ. ಹುಣ್ಣಿಮೆ ಬಂತು, ಗೆಜ್ಜೆ ಸದ್ದು ಬಂತು, ನಾಯಿ ಊಳಿಟ್ಟಿತು, ಹಿಂದಿನ ಜನ್ಮದ ನೆನಪಾಯಿತು, ಕೊನೆಗೆ ನಿಂಬೆಹಣ್ಣು ಹಿಡಿದ ಮಂತ್ರವಾದಿಯೂ ಬಂದ. ಎಲ್ಲ ಕಂಡ ಮಾಲೇ. ಆದರೆ ನಡುವೆ ಒಂದು ಕಡೆ ಟೀಚರಮ್ಮನಿಗೆ ಜ್ವರ. ಯಾವುದನ್ನೂ ಮುಟ್ಟಲಾಗದ ಆ ದೆವ್ವ, ಅವಳಿಗೆ ಗಾಳಿ ಬರಲೆಂದು ಕಿಟಕಿಯನ್ನು ದಿನವಿಡೀ ನೂಕುತ್ತದೆ. ಸಂಜೆಗೆ ಕಿಟಕಿ ಬೆರಳಷ್ಟು ಸರಿಯುತ್ತದೆ. ಅಲ್ಲಿಗೆ ಬಂದಾಗ ಗಿರಾಕಿಯೊಬ್ಬ ಐದಾರು ಸಲ ಕೂಗಿ, ಬೈದು ಹೋದನಂತೆ. ನನಗೆ ಕೇಳಿಸಲಿಲ್ಲ.

ಮುಂದಿನ ವಾರ ಕಮಲಾಪುರಕ್ಕೆ ಹೋದೆ. ಕಿಟಕಿಯ ಮಾತು ಮೊದಲು ಹೇಳಬೇಕು ಎಂದು ಬಸ್ಸಿನುದ್ದಕ್ಕೂ ಉರುಹೊಡೆದಿದ್ದೆ. ಆದರೆ ನಾಲಿಗೆಗೆ ಅದರದೇ ಚಾಳಿ. “ಹುಣ್ಣಿಮಿ ಹಳೇದು. ಗೆಜ್ಜಿ ಹಳೇದು. ಮಂತ್ರವಾದಿ ಅಂತೂ ಕೊಳೆತ ಮಾಲು. ಆ ದೆವ್ವಕ್ಕ ಬ್ಯಾರೆ ದಂಧಾ ಇಲ್ಲೇನು?” ಎಂದು ಒಂದೇ ಉಸಿರಿಗೆ ಐಬು ಎಣಿಸಿದೆ.

ಕಾಕಾ ಚಹಾದ ಬಟ್ಟಲನ್ನು ಕೆಳಗಿಟ್ಟರು. “ಹೋತು ಬಿಡು. ಆ ಪುಸ್ತಕ ಅಂದ್ರ ಅಕಿ ಜೀವ.”

ಆಗ ಮಹಾದೇವಿ ತಂದೆಯ ಕಡೆ ತಿರುಗಿದಳು. “ಅಪ್ಪಾ, ಬ್ಯಾಡಾದ ಗೊನಿಗಿ ಇವರು ಯಾವತ್ತರೆ ಐಬು ಹೇಳ್ಯಾರೇನು?”

“ಇಲ್ಲವ್ವ. ಚಲೋ ಅದ ಅಂತಂದು ಸುಮ್ಮ ಮುಂದ ಹೋಗ್ತಾರ.”

“ಮತ್ತ ಇದಕ್ಕ ಇಷ್ಟು ಹೇಳ್ಯಾರಲ್ಲ?”

ಕಾಕಾ ನಕ್ಕ ರಭಸಕ್ಕೆ ಚಹಾ ಚೆಲ್ಲಿತು. ಅವಳು ನನ್ನನ್ನೇ ನೋಡಿ ಕೇಳಿದಳು: “ಕಿಟಕಿ ಭಾಗ ಹೆಂಗನಿಸ್ತು?”

“ಅದರಾಗೂ ಒಂದು ಐಬು ಅದ. ಇನ್ನೊಂದು ನಾಕು ಪುಟ ಇರಬೇಕಿತ್ತು.”

ಅವಳು ಒಳಗೆ ಹೋಗಿ ಹಣ್ಣಿನ ತಟ್ಟೆ ತಂದಳು. ಕೆಂಪು ಬಾಳೆ. ಅವಳ ಉತ್ತರ ಅದರಲ್ಲೇ ಇತ್ತು. ಒಂದೇ ಒಂದು ಹಣ್ಣಿಗೂ ನಾನು ಐಬು ಹೇಳಲಿಲ್ಲ, ಬಾಯಿ ತುಂಬಿತ್ತು.

ಈಗ ತಿಳಿಯಿತಲ್ಲ, ಬೆಳಗಿನ ನನ್ನ “ಭಾಳ ಚಲೋ ಅದ” ಅವಳಿಗೆ ಹೇಗೆ ಕೇಳಿಸಿರಬೇಕು? ಗೊನೆ ನೋಡದೆ ಮುಂದೆ ಹೋದ ವ್ಯಾಪಾರಿಯ ಮಾತು! ಮೊಬೈಲು ಬದಿಗಿಟ್ಟು ಪುಸ್ತಕ ಬಿಡಿಸಿದೆ.

“ಏನಿದು, ಮತ್ತ ಹುಣ್ಣಿಮಿ?”

“ಹೂಂ ರೀ.” ಅವಳ ದನಿಗೆ ಜೀವ ಬಂತು.

“ನಾಯಿ ಬ್ಯಾರೆ ಊಳಿಡಾಕತ್ತದ. ಗೆಜ್ಜಿ ಬಂದ್ರ ನಾ ಎದ್ದು ಹೋಗ್ತೀನಿ ನೋಡು.”

“ಮುಂದಿನ ಪುಟದಾಗೇ ಬರ್ತಾವ” ಎಂದು ಬಾಳೆಹಣ್ಣು ಸುಲಿಯುತ್ತ ಹತ್ತಿರ ಸರಿದು ಕುಳಿತಳು.

ಗೆಜ್ಜೆ ಬಂದವು. ನಾನು ಏಳಲಿಲ್ಲ.