ಎರಡು ತಿಂಗಳು ಮೊದಲೇ ಸತ್ತವಳು

ಸತ್ತವರನ್ನು ಹುಡುಕುವುದು ನನ್ನ ಕೆಲಸವಾಗಿತ್ತು. ಯಾರಾದರೂ ಕೇಳಿದರೆ ಹಾಗೆಂದು ಹೇಳಿ, ಅವರ ಮುಖ ಹೇಗಾಗುತ್ತದೆ ಎಂದು ನೋಡುವ ಚಾಳಿಯೂ ಇತ್ತು. ಧಾರವಾಡದಿಂದ ಬಂದು ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಒಂದು ಸಣ್ಣ ಕಂಪನಿ ಸೇರಿದ್ದೆ. ಪಿಂಚಣಿ ಪಡೆಯುವವರು ತೀರಿಹೋದ ಮೇಲೂ ಅವರ ಹೆಸರಿಗೆ ಸರ್ಕಾರದ ದುಡ್ಡು ಹೋಗುತ್ತಲೇ ಇರುತ್ತದಲ್ಲ, ಅದನ್ನು ನಿಲ್ಲಿಸುವ ಗುತ್ತಿಗೆ ನಮ್ಮದು. ಒಂದು ಕಡೆ ಪಿಂಚಣಿ ಪಟ್ಟಿ, ಇನ್ನೊಂದು ಕಡೆ ಮರಣ ನೋಂದಣಿ. ಎರಡರಲ್ಲೂ ತಾಳೆಯಾದವರನ್ನು ಪಟ್ಟಿಯಿಂದ ತೆಗೆಯುವ ಪ್ರೋಗ್ರಾಮ್ ಬರೆದವಳು ನಾನು.

ಶನಿವಾರ ರೈಲು ಹತ್ತಿ ವಿಶಾಖಪಟ್ಟಣಕ್ಕೆ, ಎಂವಿಪಿ ಕಾಲೋನಿಯ ಅಕ್ಕನ ಮನೆಗೆ ಹೋಗುತ್ತಿದ್ದೆ. ಭಾವ ನೌಕಾಪಡೆಯವರು, ಮನೆಯಲ್ಲಿರುವುದಕ್ಕಿಂತ ಹಡಗಿನಲ್ಲಿರುವುದೇ ಹೆಚ್ಚು. ಅಕ್ಕ ಬಡಿದ ರೊಟ್ಟಿ ತಿನ್ನುತ್ತಾ, ಸತ್ತ ಮುದುಕರ ಹೆಸರಲ್ಲಿ ತಿಂಗಳು ತಿಂಗಳೂ ದುಡ್ಡು ಎಣಿಸುವ ಮಕ್ಕಳ ಕತೆ ಹೇಳಿ ಅವಳನ್ನು ನಗಿಸುತ್ತಿದ್ದೆ. ಕಳ್ಳರನ್ನು ಹಿಡಿಯುತ್ತಿದ್ದೇನೆ ಎಂಬ ಜಂಬ ಚೆನ್ನಾಗಿಯೇ ಇತ್ತು.

ಮರಣ ನೋಂದಣಿಯಲ್ಲಿ ಬಹಳ ಜನರ ಆಧಾರ್ ಸಂಖ್ಯೆ ಇರುತ್ತಿರಲಿಲ್ಲ. ಹೆಸರು, ವಯಸ್ಸು, ಬೀದಿ, ಇಷ್ಟನ್ನೇ ನೋಡಿ ತೀರ್ಮಾನಿಸಬೇಕು. ನಮ್ಮ ಕಡೆ ಮೊದಲು ಸ್ವಂತ ಹೆಸರು, ಕೊನೆಗೆ ಮನೆತನದ್ದು. ಆ ಕೊನೆಯದನ್ನು ಒಂದಕ್ಷರಕ್ಕೆ ಮೊಟಕು ಮಾಡಿ ಬರೆಯುವುದೂ ಉಂಟು. ಅದೇ ರೂಢಿಯಲ್ಲಿ, ಮೊದಲ ಪದ ಪೂರ್ತಿ ಹೊಂದಬೇಕು, ಕೊನೆಯ ಪದದ ಮೊದಲಕ್ಷರ ಹೊಂದಿದರೆ ಸಾಕು ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟಿದ್ದೆ. ತೆಲುಗರಲ್ಲಿ ಮನೆತನದ ಹೆಸರೇ ಮೊದಲು ಬರುತ್ತದೆ. ಪಕ್ಕದ ಕುರ್ಚಿಯವರನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ಹೊಸಬಳು, ಗೊತ್ತಿಲ್ಲ ಎನಿಸಿಕೊಳ್ಳುವುದು ಬೇಡ ಎಂದು ಕೇಳಲಿಲ್ಲ.

ಪಟ್ಟಿಯಿಂದ ತೆಗೆದವರಲ್ಲಿ ಕೆಲವರ ಮನೆಗೆ ಹೋಗಿ ಖಚಿತ ಮಾಡಿಕೊಂಡು ಬನ್ನಿ ಎಂದು ಒಂದು ದಿನ ನಮ್ಮನ್ನು ಹೊರಡಿಸಿದರು. ನನ್ನ ಪಾಲಿಗೆ ಮಂಗಳಗಿರಿಯ ನೇಕಾರರ ಬೀದಿ ಬಂತು. ಒಂದು ಮನೆಯಲ್ಲಿ ಮಗಳೊಬ್ಬಳು ಬಾಗಿಲು ತೆರೆದಳು. ಗೋಡೆಯ ಮೇಲೆ ಹಾರ ಹಾಕಿದ ಹೆಂಗಸಿನ ಫೋಟೋ. ಲೆಕ್ಕ ಸರಿಯಾಯಿತು ಎಂದು ನನಗೆ ಒಳಗೊಳಗೇ ಖುಷಿಯಾಯಿತು, ಈಗ ನೆನೆದರೆ ಅಸಹ್ಯವಾಗುತ್ತದೆ. ಆಮೇಲೆ ನೋಡಿದರೆ ಪಕ್ಕದಲ್ಲೇ ಇನ್ನೊಂದು ಫೋಟೋ ಇತ್ತು. ಅದರ ಹಾರ ಇನ್ನೂ ಬಾಡಿರಲಿಲ್ಲ.

ಮೊದಲನೆಯದು ದೊಡ್ಡಮ್ಮ, ತೀರಿಕೊಂಡು ಎರಡೂವರೆ ತಿಂಗಳಾಯಿತು ಎಂದಳು. ಎರಡನೆಯದು ಅಮ್ಮ. ಹೋಗಿ ಒಂಬತ್ತು ದಿನ. ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದ ಓರಗಿತ್ತಿಯರು, ಹೆಚ್ಚುಕಡಿಮೆ ಒಂದೇ ವಯಸ್ಸು, ಇಬ್ಬರೂ ವಿಧವೆಯರು. ಮನೆತನದ ಹೆಸರು ಒಂದೇ. ಸ್ವಂತ ಹೆಸರುಗಳು ಬೇರೆ, ಆದರೆ ಶುರುವಾಗುವುದು ಒಂದೇ ಅಕ್ಷರದಿಂದ. ದೊಡ್ಡಮ್ಮ ಸತ್ತದ್ದಕ್ಕೆ ನನ್ನ ಪ್ರೋಗ್ರಾಮ್ ಇಬ್ಬರನ್ನೂ ಸಾಯಿಸಿತ್ತು.

ಮಗಳು ತೆಲುಗಿನಲ್ಲಿ ಹೇಳುತ್ತಲೇ ಹೋದಳು. ಅಮ್ಮ ಜೀವಮಾನವೆಲ್ಲ ನೂಲು ಸುತ್ತಿದವಳು, ಹೆಬ್ಬೆರಳಿನ ಗೆರೆಗಳು ಸವೆದುಹೋಗಿದ್ದವು. ಪ್ರತಿ ತಿಂಗಳ ಒಂದನೇ ತಾರೀಕು ಪಿಂಚಣಿಯವರು ಮನೆಗೇ ಬರುತ್ತಾರೆಂದು ಹಿಂದಿನ ದಿನ ಬೆರಳನ್ನು ಬಿಸಿನೀರಲ್ಲಿ ನೆನೆಸಿ, ಕೊಬ್ಬರಿ ಎಣ್ಣೆ ಹಚ್ಚಿ, ಅವತ್ತು ಯಾವ ಕೆಲಸವನ್ನೂ ಮುಟ್ಟದೆ ಜಗುಲಿಯಲ್ಲಿ ಕೂರುತ್ತಿದ್ದಳಂತೆ. ಎರಡು ಸಲ ಬೆರಳು ಚಾಚಿದಳು. ಎರಡು ಸಲವೂ ಮಷೀನಿನಲ್ಲಿ ನಿಮ್ಮ ಹೆಸರಿಲ್ಲ ಎಂದು ಹೇಳಿ ಹೋದರು. ಬೆರಳು ಸವೆದದ್ದಕ್ಕೇ ಹೀಗಾಯಿತೆಂದು ಆಕೆ ಇನ್ನಷ್ಟು ಎಣ್ಣೆ ತಿಕ್ಕಿದಳು. ಬಿಪಿ ಮಾತ್ರೆ ಮುಗಿದದ್ದನ್ನು ಮಗಳಿಗೆ ಹೇಳಲಿಲ್ಲ, ಪಿಂಚಣಿ ಬಂದ ಮೇಲೆ ತಂದರಾಯಿತು ಎಂದುಕೊಂಡಿರಬೇಕು. ಅವಳು ಹೋದ ಮೇಲೆ ಮಾತ್ರೆಯ ಖಾಲಿ ಪಟ್ಟಿ ದಿಂಬಿನ ಕೆಳಗೆ ಸಿಕ್ಕಿತಂತೆ.

ಎಲ್ಲ ಹೇಳಿ ಮುಗಿಸಿ ಅವಳು ಕೇಳಿದಳು: "'ನಾನೇನು ತಪ್ಪು ಮಾಡಿದೆ ಅಂತ ನಿಲ್ಲಿಸಿದರು' ಅಂತ ಅಮ್ಮ ದಿನಾ ಕೇಳೋರು ಮೇಡಂ. ನಿಮಗೇನಾದರೂ ಗೊತ್ತಾ?"

"ಗೊತ್ತಿಲ್ಲಮ್ಮ" ಎಂದೆ.

ಕೈಯಲ್ಲಿದ್ದ ಟ್ಯಾಬ್‌ನಲ್ಲಿ ಆ ತಾಯಿಯ ಹೆಸರು, ಮರಣದ ದಿನಾಂಕ, ಕೆಳಗೆ 'ಸರಿ', 'ತಪ್ಪು' ಎಂಬ ಎರಡು ಗುಂಡಿಗಳಿದ್ದವು. ದಿನಾಂಕ ದೊಡ್ಡಮ್ಮ ಸತ್ತ ದಿನದ್ದು. ಆ ದಿನ ಈ ತಾಯಿ ತನ್ನ ಓರಗಿತ್ತಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದಳು. 'ತಪ್ಪು' ಒತ್ತಿದರೆ ಕಾರಣ ಬರೆಯಬೇಕು, ಕಾರಣ ನಾನು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೇಗೂ ಈಗ ಸತ್ತಿದ್ದಾಳಲ್ಲ ಎಂದುಕೊಂಡು 'ಸರಿ' ಒತ್ತಿದೆ. ಮಗಳು ನನಗೆ ಮಜ್ಜಿಗೆ ತಂದುಕೊಟ್ಟಳು. ಕುಡಿದೆ.

ಮರುದಿನವೇ ಯಾರಿಗೂ ಹೇಳದೆ ಪ್ರೋಗ್ರಾಮ್ ತಿದ್ದಿದೆ. ಬದುಕಿದ್ದೂ ಪಟ್ಟಿಯಿಂದ ಹೊರಬಿದ್ದಿದ್ದ ಕೆಲವರು ವಾಪಸು ಬಂದರು. ಸತ್ತವರನ್ನು ಎಷ್ಟು ಚುರುಕಾಗಿ ಹುಡುಕಿದೆ ಎಂದು ಮ್ಯಾನೇಜರ್ ಹೊಗಳಿದರು, ನೌಕರಿ ಕಾಯಂ ಆಯಿತು. ಅಂದಿನಿಂದ ಬೆರಳಚ್ಚು ಕೊಟ್ಟು ಆಫೀಸಿನೊಳಗೆ ಹೋಗುವಾಗ ನನ್ನ ಹೆಬ್ಬೆರಳಿಗೆ ಎಣ್ಣೆ ಅಂಟಿದಂತೆನಿಸಿ ಸೀರೆಗೋ ದುಪಟ್ಟಾಕ್ಕೋ ಒರೆಸಿಕೊಳ್ಳುತ್ತೇನೆ. ಒಮ್ಮೊಮ್ಮೆ ಮಷೀನು ಮೊದಲ ಸಲಕ್ಕೆ ಒಪ್ಪುವುದಿಲ್ಲ. ಆಗ ಹಿಂದೆ ಯಾರೋ ಬೆರಳು ಚಾಚಿಕೊಂಡು ನಿಂತಿದ್ದಾರೆ ಅನಿಸುತ್ತದೆ. ತಿರುಗಿ ನೋಡಲು ನನಗೆ ಭಯ.

ಅಕ್ಕನಿಗೆ ಹೇಳಲು ವರ್ಷ ಹಿಡಿಯಿತು. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೈಯ ಹಿಟ್ಟು ಒರೆಸಿಕೊಂಡಳು.

"ನೌಕರಿ ಉಳಿಸ್ಕೊಂಡಿ, ಅದು ಹೋಗ್ಲಿ," ಎಂದಳು. "ಅವರವ್ವ ಏನೂ ತಪ್ಪು ಮಾಡಿದ್ದಿಲ್ಲ ಅಂತ ಆ ಹುಡುಗಿಗೆ ಹೇಳಾಕ ನಿನಗೇನಾಗಿತ್ತ?"

ನನ್ನ ಆಫೀಸಿನಿಂದ ಮಂಗಳಗಿರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾನಿನ್ನೂ ಹೋಗಿಲ್ಲ.